ಚುಕ್ಕಾಣಿ ಇಬ್ಬರ ಕೈಗೂ ಬರಲಿ

ತಂಗೀ, ಅಳಿಯಂದಿರೇ,

ನೀವು ಬೋಟು ಕೊಂಡದ್ದು ನಮ್ಮ ಮನೆಗೆ ಹಬ್ಬದ ಸುದ್ದಿ. 23 ಅಡಿ ಉದ್ದ, ಹಿಂದುಗಡೆ ಒಂದು ಔಟ್‌ಬೋರ್ಡ್ ಎಂಜಿನ್ನು, ಮಳೆ ಬಂದರೆ ಇಬ್ಬರು ನುಸುಳಿ ಕೂರುವಷ್ಟು ಪುಟ್ಟ ಕ್ಯಾಬಿನ್ನು. ಬೆಳಿಗ್ಗೆ ಹೋಗಿ ಸಂಜೆ ಬರುವ ಓಡಾಟಕ್ಕೆ ಇದಕ್ಕಿಂತ ದೊಡ್ಡದು ಬೇಡವೇ ಬೇಡ. ಅದನ್ನು ಸೌತ್ ಕೆರೊಲಿನಾದ ಜಾರ್ಜ್‌ಟೌನಿನಲ್ಲಿ ಕಟ್ಟಿಡುವ ನಿರ್ಧಾರವೂ ಒಳ್ಳೆಯದು. ಆ ನೀರಿನಲ್ಲಿ ನಾನೂ ನಿನ್ನ ದೊಡ್ಡಪ್ಪನೂ ಬಹಳ ವರ್ಷ ಓಡಾಡಿದವರು. ಆದರೆ ತಂಗೀ, ಫೋನಿನಲ್ಲಿ ನೀನು ಹೇಳಿದ ಒಂದು ಮಾತು ಅಂದಿನಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ. “ಓಡಿಸೋದೆಲ್ಲ ಇವರೇ ದೊಡ್ಡಮ್ಮಾ, ನಾನು ಆರಾಮಾಗಿ ಕೂತು ನೋಡ್ತೇನೆ” ಅಂದೆಯಲ್ಲ, ಆ ಮಾತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಬೋಟಿನಲ್ಲಿ ಇರುವುದು ಇಬ್ಬರೇ. ಓಡಿಸಲು ಬರುವವರು ಒಬ್ಬರೇ ಆದರೆ, ಆ ಒಬ್ಬರು ನೀರಿಗೆ ಬಿದ್ದ ಗಳಿಗೆಯಲ್ಲಿ ಬೋಟಿನಲ್ಲಿ ಉಳಿಯುವುದು ಏನೂ ಗೊತ್ತಿಲ್ಲದವರು. ಹೆದರಿಸಲು ಹೇಳುತ್ತಿಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ಪ್ರತಿವರ್ಷ ಬೋಟು ಅಪಘಾತಗಳ ಲೆಕ್ಕ ಪ್ರಕಟಿಸುತ್ತದೆ. ಸತ್ತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಮುಳುಗಿ ಸತ್ತವರು. ಹಾಗೆ ಮುಳುಗಿದವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮಂದಿ ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ವರ್ಷ ಬದಲಾದರೂ ಈ ಚಿತ್ರ ಹೆಚ್ಚು ಬದಲಾಗುವುದಿಲ್ಲ. ಜಾಕೆಟ್ಟು ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿದ್ದರೆ ಕಾನೂನಿಗೆ ಸಾಕಾಗಬಹುದು, ಜೀವಕ್ಕೆ ಸಾಲದು. ಈಗ ಸೊಂಟಕ್ಕೋ ಹೆಗಲಿಗೋ ಬರುವ, ನೀರು ತಾಗಿದೊಡನೆ ತಾನೇ ಉಬ್ಬುವ ತೆಳ್ಳನೆಯ ಜಾಕೆಟ್ಟುಗಳಿವೆ. ಸೆಕೆಗೂ ತೊಡಬಹುದು. ಎರಡು ಕೊಳ್ಳಿ. ಹಗ್ಗ ಬಿಚ್ಚುವ ಮೊದಲು ತೊಡಿ, ಮರಳಿ ಕಟ್ಟಿದ ಮೇಲೆ ಬಿಚ್ಚಿ.

ಎಂಜಿನ್ನಿನ ಕೀಲಿಯ ಬಳಿ ಸುರುಳಿ ಸುರುಳಿಯಾದ ಕೆಂಪು ದಾರ ಒಂದಿರುತ್ತದೆ. ಓಡಿಸುವವರು ಅದನ್ನು ಮೈಗೆ ಸಿಕ್ಕಿಸಿಕೊಂಡಿರಬೇಕು. ಅವರು ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ. 26 ಅಡಿಗಿಂತ ಚಿಕ್ಕ ಮೋಟಾರು ಬೋಟುಗಳಲ್ಲಿ ಇದನ್ನು ಬಳಸುವುದು 2021ರ ಏಪ್ರಿಲ್ 1ರಿಂದ ಕಡ್ಡಾಯ. ಕಡ್ಡಾಯ ಎಂಬುದನ್ನು ಬಿಡಿ. ಚಾಲಕನಿಲ್ಲದೆ ಸುತ್ತು ಹೊಡೆಯುವ ಬೋಟು ನೀರಿನಲ್ಲಿ ಬಿದ್ದವರ ಮೇಲೆಯೇ ಮರಳಿ ಬರುತ್ತದೆ ಎಂಬುದಷ್ಟೇ ನೆನಪಿರಲಿ.

ಇನ್ನು ತಂಗೀ, ನೀನು ಮೊದಲು ಕಲಿಯಬೇಕಾದದ್ದು ಇದು. ಗಾಳಿ ಇಲ್ಲದ ಒಂದು ಬೆಳಿಗ್ಗೆ ಹಳೆಯ ಟೊಪ್ಪಿಯನ್ನೋ ತೇಲುವ ದಿಂಬನ್ನೋ ನೀರಿಗೆ ಎಸೆಯಿರಿ. ಅದೇ ಬಿದ್ದ ಮನುಷ್ಯ ಎಂದುಕೊಳ್ಳಿ. ಕಣ್ಣು ಅದರ ಮೇಲಿಂದ ಕದಲಬಾರದು. ಮೊದಲು ತೇಲುವ ವಸ್ತುವೊಂದನ್ನು ಅದರತ್ತ ಎಸೆ, ವೇಗ ಇಳಿಸು, ನಿಧಾನ ತಿರುಗಿ ಗಾಳಿಗೆ ಎದುರಾಗಿ ಬಾ, ಹತ್ತಿರ ಬಂದೊಡನೆ ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ ಆರಿಸು. ಪ್ರೊಪೆಲ್ಲರ್ ತಿರುಗುತ್ತಿರುವಾಗ ಯಾರನ್ನೂ ಹಿಂಬದಿಗೆ ಕರೆಯಬಾರದು. ಮತ್ತೆ ಮೇಲೆ ಹತ್ತಿಸುವುದು ಹೇಗೆ? ಒದ್ದೆಯಾದ ದೊಡ್ಡ ಆಳನ್ನು ನಿನ್ನ ಕೈ ಎಳೆಯಲಾರದು. ಹಿಂಬದಿಯ ಏಣಿ ನೀರಿನೊಳಗಿದ್ದವರ ಕೈಗೆ ಎಟುಕಿ ಇಳಿಯುತ್ತದೆಯೇ ಎಂದು ಬೇಸಿಗೆಯ ಒಂದು ದಿನ ಅಳಿಯಂದಿರೇ ನೀರಿಗಿಳಿದು ನೋಡಲಿ. ಇಷ್ಟನ್ನು ಟೊಪ್ಪಿ ಸಲೀಸಾಗಿ ಸಿಗುವವರೆಗೂ ಬೇಸರವಿಲ್ಲದೆ ಮಾಡಿ. ಆಮೇಲೆ ಇಬ್ಬರೂ ಜಾಗ ಬದಲಿಸಿ ಮತ್ತೆ ಮಾಡಿ.

ರೇಡಿಯೋವನ್ನೂ ನೀನು ಕೈಯಲ್ಲಿ ಹಿಡಿದು ಮಾತಾಡಬೇಕು. ವಿಎಚ್‌ಎಫ್‌ನಲ್ಲಿ 16ನೇ ಚಾನೆಲ್ ಕರೆಗೆ, ಸಂಕಟಕ್ಕೆ. ಸೇತುವೆ ತೆರೆಯುವವರನ್ನು ಸೌತ್ ಕೆರೊಲಿನಾದಲ್ಲಿ 9ರಲ್ಲಿ ಕರೆಯುತ್ತಾರೆ. ಜೀವಕ್ಕೆ ಅಪಾಯ ಬಂದರೆ ಮೂರು ಸಲ “ಮೇಡೇ” ಅನ್ನು, ಬೋಟಿನ ಹೆಸರು ಹೇಳು, ಎಲ್ಲಿದ್ದೀರಿ ಹೇಳು, ಏನಾಗಿದೆ, ಎಷ್ಟು ಜನ ಹೇಳು. ಇದನ್ನು ಕಾಗದದಲ್ಲಿ ಬರೆದು ರೇಡಿಯೋದ ಪಕ್ಕ ಅಂಟಿಸಿಡಿ, ಗಾಬರಿಯಲ್ಲಿ ತಲೆ ಓಡುವುದಿಲ್ಲ. ರೇಡಿಯೋದಲ್ಲಿರುವ ಕೆಂಪು ಗುಂಡಿ ಒತ್ತಿದರೆ ನಿಮ್ಮ ಜಾಗ ತಾನಾಗಿ ತಿಳಿಯುತ್ತದೆ ಎಂದು ಅಂಗಡಿಯವರು ಹೇಳಿರುತ್ತಾರೆ. ರೇಡಿಯೋಗೆ ಜಿಪಿಎಸ್ ಜೋಡಿಸಿ, ನಿಮ್ಮ ಬೋಟಿನ ಗುರುತಾದ ಎಂಎಂಎಸ್‌ಐ ಸಂಖ್ಯೆ ನೋಂದಾಯಿಸಿ ಅದರೊಳಗೆ ತುಂಬಿದ್ದರೆ ಮಾತ್ರ ಅದು ನಿಜ. ಈ ವಾರವೇ ನೋಡಿಬಿಡಿ.

ಕೋಸ್ಟ್ ಗಾರ್ಡ್ ಆಕ್ಸಿಲರಿಯವರು ಊರೂರಲ್ಲಿ ಬೋಟಿನ ಪಾಠ ನಡೆಸುತ್ತಾರೆ, ಕರೆದರೆ ಬಂದು ಬೋಟನ್ನು ಪುಕ್ಕಟೆಯಾಗಿ ಪರೀಕ್ಷಿಸಿ ಏನು ಕೊರತೆ ಎಂದು ಹೇಳುತ್ತಾರೆ. ದಂಡ ಹಾಕುವುದಿಲ್ಲ. ಆ ಪಾಠಕ್ಕೆ ಇಬ್ಬರೂ ಹೋಗಿ. ಒಬ್ಬರು ಕಲಿತು ಬಂದು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಕೊಡುವುದು ಬೇಡ. ಗಂಡ ಹೆಂಡತಿಗೆ ಕಲಿಸುವಾಗ ಪಾಠಕ್ಕಿಂತ ಜಗಳವೇ ಜಾಸ್ತಿ ಆಗುತ್ತದೆ.

ಜಗಳ ಎಂದೆನಲ್ಲ, ಅದರ ಜಾಗ ಯಾವುದೆಂದು ಹೇಳುತ್ತೇನೆ. ಇಡೀ ದಿನ ನದಿಯಲ್ಲಿ ನಗುತ್ತ ಬಂದವರು ಸಂಜೆ ಡಾಕ್‌ಗೆ ಬೋಟು ಹಚ್ಚುವ ಐದು ನಿಮಿಷದಲ್ಲಿ ಒಬ್ಬರ ಮೇಲೊಬ್ಬರು ಕೂಗಾಡುತ್ತಾರೆ. ಯಾವ ಮರೀನಾದಲ್ಲಿ ಭಾನುವಾರ ಸಂಜೆ ನಿಂತರೂ ಇದು ಕಾಣುತ್ತದೆ. ಗಂಡ ಚುಕ್ಕಾಣಿಯಲ್ಲಿ ನಿಂತು ಅರಚುತ್ತಾನೆ, ಹೆಂಡತಿ ಮುಂದೆ ಹಗ್ಗ ಹಿಡಿದು ಕಂಗಾಲಾಗಿರುತ್ತಾಳೆ, ಎಂಜಿನ್ ಸದ್ದಿನಲ್ಲಿ ಏನೂ ಕೇಳುವುದಿಲ್ಲ, ಕೊನೆಗೆ ಅವಳು ಬೋಟಿಗೂ ಡಾಕ್‌ಗೂ ನಡುವೆ ಜಿಗಿಯುತ್ತಾಳೆ. ಈ ಜಿಗಿತದಲ್ಲೇ ಕಾಲು ಮುರಿಯುವುದು, ಬೆರಳು ಜಜ್ಜುವುದು. ಆಮೇಲೆ ಆಕೆ ಬೋಟಿಗೆ ಬರುವುದನ್ನೇ ಬಿಡುತ್ತಾಳೆ, ಎರಡು ವರ್ಷದಲ್ಲಿ ಬೋಟು ಮಾರಾಟಕ್ಕೆ ಬರುತ್ತದೆ. ಅಂಥ ಮಾರಾಟಗಳನ್ನು ನಾವು ಕಣ್ಣಾರೆ ನೋಡಿದ್ದೇವೆ.

ಇದಕ್ಕೆ ಮದ್ದಿದೆ. ಡಾಕ್ ಇನ್ನೂ ದೂರ ಇರುವಾಗಲೇ ಬೋಟು ನಿಲ್ಲಿಸಿ ಮಾತಾಡಿ: ಗಾಳಿ ಎತ್ತಲಿಂದ, ನೀರು ಎತ್ತ ಹರಿಯುತ್ತಿದೆ, ಯಾವ ಬದಿ ಹಚ್ಚುವುದು, ಯಾವ ಹಗ್ಗ ಮೊದಲು. ಗುದ್ದು ತಾಳುವ ರಬ್ಬರಿನ ಫೆಂಡರುಗಳನ್ನು ಆಗಲೇ ಇಳಿಸಿ. ಗಾಳಿಗೋ ಹರಿವಿಗೋ, ಯಾವುದು ಬಲವೋ ಅದಕ್ಕೆ ಎದುರಾಗಿ ಬನ್ನಿ. ನೀರು ನಿಮಗೆ ಬ್ರೇಕ್ ಹಾಕಿಕೊಡುತ್ತದೆ. ಡಾಕ್‌ಗೆ ಎಷ್ಟು ಜೋರಾಗಿ ತಾಗಿದರೆ ಪರವಾಗಿಲ್ಲವೋ ಅಷ್ಟೇ ವೇಗ. ಮೊದಲು ಬೋಟಿನ ನಡುವಿನ ಹಗ್ಗ ಕಟ್ಟಿ. ಅದೊಂದು ನಿಂತರೆ ಮುಂದು ಹಿಂದು ಎರಡೂ ಎಲ್ಲಿಗೂ ಹೋಗವು. ಯಾರೂ ಜಿಗಿಯಬೇಡಿ. ಸರಿಬರಲಿಲ್ಲವೇ, ಹಿಂದೆ ಸರಿದು ಸುತ್ತು ಹಾಕಿ ಮತ್ತೆ ಬನ್ನಿ. ಅದರಲ್ಲಿ ಅವಮಾನವೇನಿಲ್ಲ. ಕೂಗುವ ಬದಲು ಕೈಸನ್ನೆ ಗೊತ್ತುಮಾಡಿಕೊಳ್ಳಿ, ಇಲ್ಲವಾದರೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಸೆಟ್ ಜೋಡಿ ಸಿಗುತ್ತದೆ, ಮೆಲುದನಿಯಲ್ಲೇ ಮಾತಾಡಬಹುದು. ಮತ್ತೆ ಅಳಿಯಂದಿರೇ, ಒಂದು ಮಾತು ನಿಮಗೇ: ಹಗ್ಗ ಎಸೆದು ಡಾಕಿನ ಗೂಟಕ್ಕೆ ಬಿಗಿಯುವ ಕೆಲಸಕ್ಕೆ ತೋಳುಬಲ ಬೇಕು, ಚುಕ್ಕಾಣಿಗೆ ಬೇಡ. ನಮ್ಮಲ್ಲಿ ಡಾಕ್‌ಗೆ ಹಚ್ಚುವಾಗ ಚುಕ್ಕಾಣಿಯಲ್ಲಿ ನಿಲ್ಲುತ್ತಿದ್ದವಳು ನಾನು, ಹಗ್ಗ ಹಿಡಿಯುತ್ತಿದ್ದವರು ಇವಳ ದೊಡ್ಡಪ್ಪ. ಅದೇ ಸರಿಯಾದ ಹಂಚಿಕೆ ಎಂಬ ನಂಬಿಕೆ ನನಗೆ ಇಂದಿಗೂ ಇದೆ.

ಈಗ ನೀರಿನ ವಿಷಯ. ನೀವು ಓಡಾಡಲಿರುವುದು ಅಟ್ಲಾಂಟಿಕ್ ಇಂಟ್ರಾಕೋಸ್ಟಲ್ ವಾಟರ್‌ವೇಯಲ್ಲಿ. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಅದರ ಸೊನ್ನೆ ಮೈಲಿ. ಅಲ್ಲಿಂದ ಫ್ಲಾರಿಡಾದವರೆಗೆ ನದಿ, ಕೊಲ್ಲಿ, ಅಳಿವೆ, ತೋಡಿದ ಕಾಲುವೆ ಎಲ್ಲವನ್ನೂ ಪೋಣಿಸಿ ಮಾಡಿದ ದಾರಿ. ಹೊರಗಿನ ಸಮುದ್ರಕ್ಕೆ ಬೀಳದೆ ದಂಡೆಯ ಒಳಗೊಳಗೇ ಹೋಗಬಹುದು. ಜಾರ್ಜ್‌ಟೌನ್ ಸುಮಾರು 403ನೇ ಮೈಲಿಯಲ್ಲಿದೆ. ಈ ಮೈಲಿ ರಸ್ತೆಯ ಮೈಲಿಯೇ, ಸಮುದ್ರದ ಮೈಲಿಯಲ್ಲ. ಜಿಪಿಎಸ್ಸನ್ನು ಅದಕ್ಕೆ ಹೊಂದಿಸಿಡಿ. ನಾರ್ಫೋಕ್‌ನಿಂದ ಫ್ಲಾರಿಡಾದ ಫೋರ್ಟ್ ಪಿಯರ್ಸ್ ತನಕ 12 ಅಡಿ ಆಳ ಇರಬೇಕೆಂಬುದು ಸರಕಾರದ ಕಾಗದ. ಹೂಳು ಕಾಗದ ಓದುವುದಿಲ್ಲ. ದಕ್ಷಿಣಕ್ಕೆ ಮೆಕ್ಲೆಲನ್‌ವಿಲ್ ಬಳಿ ಎಷ್ಟು ಸಲ ತೆಗೆದರೂ ಮತ್ತೆ ಹೂಳು ಕೂರುತ್ತದೆ, ಇಳಿತದ ಹೊತ್ತಿನಲ್ಲಿ ಅಲ್ಲಿ ಬೋಟುಗಳು ಕೆಸರಿಗೆ ಕೂರುವುದು ಮಾಮೂಲು.

ಅದಕ್ಕೇ ನಮ್ಮ ಕುಮಟೆಯ ಕಡೆಯ ಮಕ್ಕಳಿಗೆ ಹೇಳಬೇಕಿಲ್ಲದ ಮಾತನ್ನು ಅಳಿಯಂದಿರಿಗಾಗಿ ಹೇಳುತ್ತೇನೆ. ಅವರು ಬಯಲುಸೀಮೆಯವರು, ಭರತ-ಇಳಿತ ನೋಡಿ ಬೆಳೆದವರಲ್ಲ. ನೀರು ಆರು ಗಂಟೆಗೂ ಸ್ವಲ್ಪ ಹೆಚ್ಚು ಹೊತ್ತು ಏರುತ್ತದೆ, ಅಷ್ಟೇ ಹೊತ್ತು ಇಳಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ದೊಡ್ಡದು. ತಿಳಿಯದ ತೊರೆಯೊಳಗೆ ಹೋಗುವುದಿದ್ದರೆ ನೀರು ಏರುತ್ತಿರುವಾಗ ಹೋಗಿ. ಆಗ ತಳ ತಾಗಿದರೂ ಸ್ವಲ್ಪ ಹೊತ್ತಿನಲ್ಲಿ ನೀರೇ ಎತ್ತಿ ಬಿಡುತ್ತದೆ. ಇಳಿಯುವಾಗ ತಾಗಿದರೆ ಮುಂದಿನ ಭರತದವರೆಗೂ ಸೊಳ್ಳೆ ಹೊಡೆಯುತ್ತ ಕೂರಬೇಕು. ಎಂಜಿನ್ ಮುಂದಕ್ಕೆ ಒತ್ತಿ ಬಿಡಿಸಿಕೊಳ್ಳಲು ಹೋಗಬೇಡಿ. ಕೆಸರನ್ನೇ ಎಳೆದುಕೊಂಡು ಎಂಜಿನ್ ಬಿಸಿಯಾಗುತ್ತದೆ.

ದಾರಿಯ ಗುರುತುಗಳು ಸುಲಭ. ದಕ್ಷಿಣಕ್ಕೆ ಹೋಗುವಾಗ ಕೆಂಪು ಬಲಕ್ಕೆ, ಹಸಿರು ಎಡಕ್ಕೆ. ತೊಡಕು ಬರುವುದು ಈ ದಾರಿ ಹಡಗಿನ ದಾರಿಯನ್ನು ಸೇರುವಲ್ಲಿ. ವಿನ್ಯಾ ಕೊಲ್ಲಿಯಲ್ಲಿ ಬಣ್ಣಗಳು ಅದಲುಬದಲಾಗುತ್ತವೆ, ಏಕೆಂದರೆ ಅಲ್ಲಿನ ಗುರುತುಗಳು ಸಮುದ್ರದಿಂದ ಬಂದರಿಗೆ ಬರುವ ಹಡಗುಗಳಿಗಾಗಿ ನಿಂತವು. ಅಂಥಲ್ಲಿ ಬಣ್ಣ ಬಿಟ್ಟು ಅದರ ಮೇಲೆ ಬಳಿದ ಪುಟ್ಟ ಹಳದಿ ಗುರುತು ನೋಡಿ. ದಕ್ಷಿಣಕ್ಕೆ ಹೋಗುವಾಗ ಹಳದಿ ತ್ರಿಕೋನ ಬಲಕ್ಕೆ, ಹಳದಿ ಚೌಕ ಎಡಕ್ಕೆ. ಉತ್ತರಕ್ಕೆ ಬರುವಾಗ ತಿರುಗುಮುರುಗು.

ಮೊದಲ ದಿನವೇ ಆ ಕೊಲ್ಲಿಗೆ ಇಳಿಯಬೇಡಿ. ವಿನ್ಯಾ ಅಗಲವಾದ ನೀರು. ಇಳಿತದ ನೀರು ಸಮುದ್ರದತ್ತ ನುಗ್ಗುವಾಗ ಎದುರು ಗಾಳಿ ಬಂತೆಂದರೆ ಅಲೆ ನೆಟ್ಟಗೆ ಎದ್ದು ನಿಲ್ಲುತ್ತದೆ, 23 ಅಡಿಯ ಬೋಟಿಗೆ ಅದು ಸುಖವಲ್ಲ. ಬದಲಿಗೆ ಉತ್ತರಕ್ಕೆ, ವಕಮಾ ನದಿಗೆ ಏರಿ ಹೋಗಿ. ಹೆದ್ದಾರಿ 17ರ ಎತ್ತರದ ಸೇತುವೆಯ ಕೆಳಗೆ ದಾಟಿದರೆ ಆಯಿತು, ಬೇರೆಯೇ ಲೋಕ. ಇಡೀ ಇಂಟ್ರಾಕೋಸ್ಟಲ್‌ನಲ್ಲಿ ಇದಕ್ಕಿಂತ ಚೆಂದದ ತುಂಡು ಇಲ್ಲವೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕಷಾಯದ ಬಣ್ಣದ ನೀರು, ದಂಡೆಯುದ್ದಕ್ಕೂ ನೀರಿನಲ್ಲೇ ನಿಂತ ಸೈಪ್ರೆಸ್ ಮರಗಳು, ಕೊಂಬೆಗಳಿಂದ ಜೋಲುವ ಬೂದು ಪಾಚಿ. ದಾರಿ ತೋರುವ ಕಂಬಗಳ ಮೇಲೆಲ್ಲ ಮೀನು ಹಿಡಿಯುವ ಡೇಗೆಗಳ ಗೂಡು. ಬೇಸಿಗೆಯಲ್ಲಿ ಕತ್ತು ಎತ್ತಿ ನೋಡುತ್ತಿರಿ, ಕವಲು ಬಾಲದ ಕಪ್ಪು ಬಿಳುಪು ಹದ್ದು ಕಂಡರೂ ಕಾಣಬಹುದು. ಮೊಸಳೆ ಜಾತಿಯ ಆಲಿಗೇಟರುಗಳೂ ಇವೆ, ಆದ್ದರಿಂದ ಕಂಡಕಂಡಲ್ಲಿ ಈಜಿಗೆ ಇಳಿಯಬೇಡಿ.

ದಂಡೆಯ ಆಚೆ ಹುಲ್ಲು ಬೆಳೆದ ಚೌಕ ಚೌಕ ಬಯಲು ಕಾಣುತ್ತದೆ. ಅವೆಲ್ಲ ಹಳೆಯ ಭತ್ತದ ಗದ್ದೆಗಳು. 1840ರ ಹೊತ್ತಿಗೆ ಅಮೆರಿಕದಲ್ಲಿ ಬೆಳೆಯುತ್ತಿದ್ದ ಭತ್ತದ ಹತ್ತಿರ ಹತ್ತಿರ ಅರ್ಧಪಾಲು ಈ ಜಾರ್ಜ್‌ಟೌನ್ ಸೀಮೆಯದೇ. ಸೈಪ್ರೆಸ್ ಕಾಡು ಕಡಿದು, ಕೆಸರಿನಲ್ಲಿ ನಿಂತು, ಮೈಲಿಗಟ್ಟಲೆ ಕಟ್ಟೆ ಹಾಕಿದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಭತ್ತ ಬೆಳೆಯುವ ವಿದ್ಯೆಯೂ ಪಶ್ಚಿಮ ಆಫ್ರಿಕದ ಭತ್ತದ ನಾಡಿನಿಂದ ಅವರೊಂದಿಗೇ ಬಂದದ್ದು. ಕಟ್ಟೆಯಲ್ಲಿ ಮರದ ಬಾಗಿಲು ಕೂರಿಸಿ, ಭರತ ಬಂದಾಗ ಮೇಲೆ ತೇಲುವ ಸಿಹಿನೀರನ್ನು ಒಳಗೆ ಬಿಡುತ್ತಿದ್ದರು, ಇಳಿತದಲ್ಲಿ ಹೊರಗೆ ಬಿಡುತ್ತಿದ್ದರು. ತಂಗೀ, ನಿನಗೆ ನಮ್ಮ ಅಘನಾಶಿನಿಯ ಗಜನಿ ಗದ್ದೆ ನೆನಪಾಗದೆ ಇರದು. ಮಾಣಿಕಟ್ಟೆಯಲ್ಲಿ ಇದೇ ರೀತಿ ಕಟ್ಟೆ, ಇದೇ ರೀತಿ ಹಲಗೆ ಬಾಗಿಲು. ಆದರೆ ನಮ್ಮ ಕಗ್ಗ ಭತ್ತ ಉಪ್ಪುನೀರನ್ನು ತಾಳಿಕೊಂಡು ಬೆಳೆಯುತ್ತದೆ. ಜಾರ್ಜ್‌ಟೌನಿನ ಭತ್ತಕ್ಕೆ ಉಪ್ಪು ತಾಗಿದರೆ ಬೆಳೆಯೇ ಹೋಯಿತು. ಅದಕ್ಕೇ ಉಪ್ಪು ತಲುಪದ, ಆದರೆ ಭರತ ತಲುಪುವ ಈ ಮೇಲ್ನದಿಯ ಜಾಗವನ್ನೇ ಭತ್ತಕ್ಕೆ ಹಿಡಿದದ್ದು. ಗುಲಾಮಗಿರಿ ಹೋದ ಮೇಲೆ, ಚಂಡಮಾರುತಗಳು ಕಟ್ಟೆ ಒಡೆದ ಮೇಲೆ ಭತ್ತವೂ ಹೋಯಿತು. ಆ ಕಟ್ಟೆಗಳ ಪಕ್ಕ ಹೋಗುವಾಗ ವೇಗ ಇಳಿಸಿ ನೋಡಿ. ಅವನ್ನು ಕಟ್ಟಿದ ಕೈಗಳಿಗೆ ಕೂಲಿಯೂ ಇರಲಿಲ್ಲ, ಹೆಸರೂ ಉಳಿಯಲಿಲ್ಲ.

ಅವರ ಮೊಮ್ಮಕ್ಕಳ ಮಕ್ಕಳು ಸ್ಯಾಂಡಿ ಐಲೆಂಡ್‌ನಲ್ಲಿ ಇಂದಿಗೂ ಇದ್ದಾರೆ. ವಕಮಾಕ್ಕೂ ಪೀಡೀ ನದಿಗೂ ನಡುವಿನ ಆ ದ್ವೀಪಕ್ಕೆ ಸೇತುವೆ ಇಲ್ಲ, ದಿನಸಿ ತರುವುದಕ್ಕೂ ಕೆಲಸಕ್ಕೂ ದೋಣಿಯೇ. ಅವರ ಡಾಕ್ ಬಳಿ ನಿಮ್ಮ ಬೋಟು ಎಬ್ಬಿಸುವ ಅಲೆ ಅವರ ದೋಣಿಗಳನ್ನು ಕಂಬಕ್ಕೆ ಬಡಿಸಬಾರದು. ನಿಮ್ಮ ಅಲೆಯಿಂದ ಆದ ಹಾನಿಗೆ ನೀವೇ ಹೊಣೆ ಎಂದು ಕಾನೂನು ಹೇಳುತ್ತದೆ. ಕಾನೂನು ಹೇಳದಿದ್ದರೂ ಅದು ಹಾಗೆಯೇ. ಸಣ್ಣ ದೋಣಿಯಲ್ಲಿ ಗಾಳ ಹಾಕಿ ಕೂತವರನ್ನು ಕಂಡರೆ ಎಂಜಿನ್ ಪೂರ್ತಿ ಇಳಿಸಿ, ಕೈಯೆತ್ತಿ, ನಿಧಾನ ದಾಟಿ.

ಊಟಕ್ಕೆ ಆ ದ್ವೀಪದ ತೆಂಕಣ ಬದಿಯ ಥರೋಫೇರ್ ತೊರೆ ಸಾಕು. ಜಾರ್ಜ್‌ಟೌನಿನಿಂದ 15 ಮೈಲಿ ಆಗಬಹುದು. ಅದಕ್ಕಿಂತ ದೂರದ ಗುರಿ ಮೊದಲ ತಿಂಗಳು ಬೇಡ. ಗಂಟೆಗೆ 8 ಮೈಲಿಯಂತೆ ಹೋದರೆ ಎರಡು ಗಂಟೆಯ ದಾರಿ. ಭರತದೊಂದಿಗೆ ಏರಿ, ಇಳಿತದೊಂದಿಗೆ ಮರಳಿದರೆ ಎರಡೂ ಕಡೆ ನೀರೇ ನೂಕಿಕೊಡುತ್ತದೆ. ನದಿಯ ಮೇಲಕ್ಕೆ ಹೋದಷ್ಟೂ ಭರತ ತಡವಾಗಿ ತಲುಪುತ್ತದೆ. ಅಳಿವೆಯ ವೇಳೆ ನೋಡಿ ಹೊರಡಬೇಡಿ, ಆಯಾ ಜಾಗದ ವೇಳೆ ನೋಡಿ. ಲಂಗರು ಹಾಕುವಾಗ ಹಗ್ಗದಲ್ಲಿ ಜಿಪುಣತನ ಬೇಡ. ನೀರು 10 ಅಡಿ, ಬೋಟಿನ ಮೂತಿ ನೀರಿನಿಂದ 3 ಅಡಿ ಮೇಲೆ, ಇನ್ನು ಏರಲಿರುವ ಭರತ 3 ಅಡಿ, ಒಟ್ಟು 16. ಅದರ ಐದು ಪಟ್ಟು, ಅಂದರೆ 80 ಅಡಿ ಹಗ್ಗ ಊಟದ ಹೊತ್ತಿಗೆ. ಗಾಳಿ ಇದ್ದರೆ ಏಳು ಪಟ್ಟು. ಮತ್ತೊಂದು: ಬೋಟಿನ ಹಿಂಬದಿಯಿಂದ ಎಂದೂ ಲಂಗರು ಹಾಕಬೇಡಿ. ಅಲೆಯೊಂದು ಹಿಂದಿನಿಂದ ಒಳಗೆ ನುಗ್ಗಿದರೆ ಸಣ್ಣ ಬೋಟು ಅಲ್ಲೇ ಮುಳುಗುತ್ತದೆ.

ಬುತ್ತಿ ನಿಮ್ಮ ಇಷ್ಟ. ನಾವು ಮೊಸರವಲಕ್ಕಿ, ಉಪ್ಪಿನಕಾಯಿ, ಒಂದು ದೊಡ್ಡ ಬಾಟಲಿ ಪುನರ್ಪುಳಿ ಪಾನಕ ಒಯ್ಯುತ್ತಿದ್ದೆವು. ಬೇಕೆನಿಸುವುದಕ್ಕಿಂತ ಎರಡರಷ್ಟು ಕುಡಿಯುವ ನೀರು ಇರಲಿ. ಚುಕ್ಕಾಣಿ ಹಿಡಿಯುವವರು ಆ ದಿನ ಬಿಯರ್ ಮುಟ್ಟಬಾರದು, ಮತ್ತು ನೀವಿಬ್ಬರೂ ಚುಕ್ಕಾಣಿ ಹಿಡಿಯುವವರೇ. ಪೆಟ್ರೋಲಿನ ಲೆಕ್ಕ ಮೂರು ಪಾಲು: ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು, ಮುಟ್ಟದೆ ಇಡುವುದಕ್ಕೆ ಒಂದು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂದು ನನಗೊಂದು ಸಂದೇಶ ಹಾಕಿ; ಮರಳಿದ ಮೇಲೂ ಹಾಕಿ.

ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಏಳುವುದು ಹೆಚ್ಚು. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ಎರಡು ಗಂಟೆಯೊಳಗೆ ಮರಳಿ ಕಟ್ಟಿದರೆ ಆ ತಾಪತ್ರಯವೇ ಇಲ್ಲ. ಆದರೂ ಪಡುವಣದಲ್ಲಿ ಮೋಡ ಹೂಕೋಸಿನಂತೆ ಏರತೊಡಗಿತು, ಅಥವಾ ಏನೋ ಸರಿಯಿಲ್ಲ ಎಂದು ಒಬ್ಬರಿಗೆ ಅನಿಸಿತು ಎಂದಿಟ್ಟುಕೊಳ್ಳಿ. ಆಗ ನಿಮ್ಮಿಬ್ಬರಲ್ಲಿ ಯಾರೊಬ್ಬರು “ತಿರುಗೋಣ” ಎಂದರೂ ಬೋಟು ತಿರುಗಬೇಕು. ಕಾರಣ ಕೇಳಬಾರದು, ವಾದ ಮಾಡಬಾರದು, ಮನೆಗೆ ಬಂದ ಮೇಲೆ ಆಡಿಕೊಳ್ಳಲೂಬಾರದು. ಈ ಒಂದು ಒಪ್ಪಂದವನ್ನು ಬೋಟು ಹತ್ತುವ ಮೊದಲೇ ಮಾಡಿಕೊಳ್ಳಿ. ಇದಿದ್ದರೆ ಹೆದರುವವರು ಹೆದರಿಕೆಯನ್ನು ಬಚ್ಚಿಡುವುದಿಲ್ಲ, ಧೈರ್ಯದವರು ಧೈರ್ಯ ತೋರಿಸಲು ಹೋಗುವುದಿಲ್ಲ.

ಹಾಗಾದರೆ ಬರುವ ಶನಿವಾರ ಮರೀನಾದಿಂದ ಹೊರಡುವಾಗ, ತಂಗೀ, ಕೀಲಿ ನೀನು ಇಸಿದುಕೋ. ಅಳಿಯಂದಿರೇ, ಆ ದಿನ ನೀವು ಹಗ್ಗ ಹಿಡಿಯಿರಿ, ಅವಳು ಕೇಳಿದರೆ ಮಾತ್ರ ಹೇಳಿಕೊಡಿ.